ಅತ್ತಿಗೆಯ ಫ್ರಿಜ್ಜಿನಲ್ಲಿ ಅಳಿವೆಯ ಹುಳುಗಳು

ಕರಾವಳಿಯ ಕೆಸರು ನನ್ನ ಕೆಲಸ. ಹೊಳೆ ಕಡಲಿಗೆ ಸೇರುವ ಅಳಿವೆಗಳಲ್ಲಿ ಕೆಸರು ತೆಗೆದು, ಅದರೊಳಗೆ ಬದುಕುವ ಹುಳುಗಳನ್ನು ನೋಡುತ್ತೇನೆ. ಬಗೆಬಗೆಯವು ಇದ್ದರೆ ಅಲ್ಲಿನ ನೀರು ನೆಟ್ಟಗಿದೆ ಎಂದು ಸಮಾಧಾನ. ಒಂದೇ ಬಗೆಯದು ತುಂಬಿಕೊಂಡಿದ್ದರೆ ಕೊಳಕು ಸೇರುತ್ತಿದೆಯೆಂದು ಅನುಮಾನ.

ಕಳೆದ ಮಳೆಗಾಲ ಮುಗಿದ ಮೇಲೆ ಮಂಗಳೂರಿನಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೊರಟವಳು, ಮೈಸೂರಿನ ಮೇಲೆ ಬಂದು ಮದ್ದೂರಿನ ಬಳಿ, ವೈದ್ಯನಾಥಪುರದ ಹತ್ತಿರ ಅಣ್ಣನ ಮನೆಯಲ್ಲಿ ಉಳಿದೆ. ಕೈಯಲ್ಲಿ ಥರ್ಮೋಕೋಲ್ ಪೆಟ್ಟಿಗೆ. ಒಳಗಿನ ಡಬ್ಬಿಗಳಲ್ಲಿ ಒಂದು ಅಳಿವೆಯಿಂದ ತೆಗೆದ ಉಪ್ಪುನೀರು, ಕೆಸರು, ಜೀವಂತ ಹುಳುಗಳು. ತಂಪು ಕಳೆದರೆ ಅವು ಸಾಯುತ್ತವೆ.

ಪೆಟ್ಟಿಗೆ ನೋಡಿ ಅತ್ತಿಗೆಯ ಮುಖ ಅರಳಿತು. ಅವಳು ನನ್ನದೇ ವಯಸ್ಸಿನವಳು.

"ಏನ್ ಮೀನ್ ತಂದಿದ್ದೀಯಮ್ಮ?"

"ಮೀನಲ್ಲ ಅತ್ತಿಗೆ, ಕೆಸರು. ಅದ್ರಲ್ಲಿ ಹುಳ ಅವೆ."

"ಥೂ! ಅಷ್ಟು ದೂರದಿಂದ ಉಳ ಒತ್ಕೊಂಡ್ ಬಂದ್ಯಾ? ನಮ್ ಗದ್ದೇಲಿ ಇರ್ಲಿಲ್ವಾ?"

ಆದರೂ ದೋಸೆ ಹಿಟ್ಟಿನ ಪಾತ್ರೆ ಸರಿಸಿ ಫ್ರಿಜ್ಜಿನಲ್ಲಿ ಜಾಗ ಮಾಡಿಕೊಟ್ಟಳು. "ಮುಚ್ಚಳ ಬಿಗಿಯಾಗಿ ಆಕು ಕಣಮ್ಮ" ಎಂದು ಮತ್ತೆ ಮತ್ತೆ ಹೇಳಿದಳು.

ಮರುದಿನ ಬೆಳಿಗ್ಗೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಸಂಜೆಯವರೆಗೂ ಕರೆಂಟು ಬರುವುದಿಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜಿನ ತಂಪು ಇಳಿಯತೊಡಗಿತ್ತು. ನಾನು ಒದ್ದಾಡುವುದನ್ನು ನೋಡಲಾರದೆ ಅತ್ತಿಗೆ ಸ್ಕೂಟರಿನ ಕೀ ಕೈಗೆತ್ತಿಕೊಂಡಳು.

"ಮದ್ದೂರಲ್ಲಿ ಮೀನಂಗ್ಡಿ ಅದಲ್ಲ, ಅವ್ರತ್ರ ಐಸ್ ಇರ್ತದೆ. ಗಾಡಿ ಅತ್ತು."

ಮೀನಂಗಡಿಯ ಸಾಬರು ಅವಳಿಗೆ ಪರಿಚಯದವರು. ಪೆಟ್ಟಿಗೆಯಲ್ಲಿ ಏನಿದೆ ಎಂದು ಅವರು ಕೇಳಿದಾಗ ಅತ್ತಿಗೆಯೇ ಉತ್ತರ ಕೊಟ್ಟಳು.

"ಮಂಗ್ಳೂರ್ ಸಮುದ್ರದ ಉಳ ಕಣಣ್ಣ. ಮೀನು ಇವನ್ನ ತಿಂತವಂತೆ. ಇವು ಚೆನ್ನಾಗಿದ್ರೆ ಮೀನೂ ಚೆನ್ನಾಗಿರ್ತವೆ."

ಹಿಂದಿನ ದಿನ ಊಟ ಮಾಡುತ್ತ ನಾನು ಹೇಳಿದ್ದನ್ನೆಲ್ಲ ಅವಳು ಕಿವಿಗೆ ಹಾಕಿಕೊಂಡಿದ್ದಳೆಂದು ಆಗ ಗೊತ್ತಾಯಿತು. ಖುಷಿಯಾಯಿತು.

ಸಾಬರು ಒಂದು ಡಬ್ಬಿಯನ್ನು ಬೆಳಕಿಗೆ ಹಿಡಿದರು. ಕೆಸರಿನ ಅಂಚಿನಲ್ಲಿ ಕೆಂಪನೆಯ ಹುಳುವೊಂದು ಮೆಲ್ಲಗೆ ಹೊರಳಿತು.

"ಅಲೆಲೆ, ಜೀವ ಐತೆ! ಇಷ್ಟ್ ವರ್ಸದಿಂದ ಮಂಗ್ಳೂರ್ ಮೀನ್ ಮಾರ್ತೀನಿ ಅಕ್ಕ, ಅಲ್ಲಿಂದ ಜೀವ ಇರೋದು ಈ ಅಂಗ್ಡಿಗೆ ಬಂದಿದ್ದು ಇದೇ ಮೊದ್ಲು."

ಡಬ್ಬಿಗಳ ಸುತ್ತ ಪುಡಿ ಐಸನ್ನು ತಾವೇ ತುಂಬಿಕೊಟ್ಟರು. ದುಡ್ಡು ಬೇಡವೆಂದರು. ಅತ್ತಿಗೆ ಸುಮ್ಮನೆ ಬರಲಿಲ್ಲ, ಬಂಗುಡೆ ಕೊಂಡಳು.

ಸಂಜೆ ಕರೆಂಟು ಬಂತು. ಮುದ್ದೆ, ಬಂಗುಡೆ ಸಾರಿನ ಊಟವಾದ ಮೇಲೆ ಅತ್ತಿಗೆ ನನ್ನ ಭೂತಗನ್ನಡಿ ಕೇಳಿ ಪಡೆದು ಹುಳುವನ್ನು ನೋಡಿದಳು. "ಮೈ ತುಂಬಾ ಕಾಲು ಕಣಮ್ಮ ಇದ್ಕೆ!" ಎಂದು ಅಣ್ಣನನ್ನೂ ಕೂಗಿ ಕರೆದಳು.

ಬೆಂಗಳೂರಿಗೆ ಅವು ಜೀವಂತವಾಗಿಯೇ ತಲುಪಿದವು. ಹಿಂದಿನ ವರ್ಷ ಒಂದೇ ಬಗೆಯದು ತುಂಬಿದ್ದ ಆ ಅಳಿವೆಯಲ್ಲಿ ಈ ಸಲ ಹಲವು ಬಗೆಯ ಹುಳುಗಳು ಸಿಕ್ಕಿದ್ದವು. ಫೋನ್ ಮಾಡಿ ಅತ್ತಿಗೆಗೆ ಹೇಳಿದೆ.

"ಬುಡು ಮತ್ತೆ, ಸಮುದ್ರ ಉಸಾರಾಗೇ ಅದೆ" ಎಂದಳು.

ಒಂದು ಅಳಿವೆ ನೋಡಿ ಅಷ್ಟು ಹೇಳಲಾಗದು ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಅವಳು ಫೋನನ್ನು ಅಣ್ಣನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಯಾಗಿತ್ತು. ಉಳಿದದ್ದನ್ನು ಅಣ್ಣ ಕೇಳಿಸಿಕೊಂಡ.