ಅಕ್ಕನ ಕಾಮಾಲೆ, ಅವ್ವನ ನೆಲನೆಲ್ಲಿ

ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕದ ಒಂದು ಶ್ರಾವಣದಲ್ಲಿ, ಅಕ್ಕನ ಕಣ್ಣು ಹಳದಿಯಾದವು. ಮೊದಲು ಅವಳು ಊಟ ಬಿಟ್ಟಳು. ಒಗ್ಗರಣೆಯ ವಾಸನೆ ಬಂದರೂ ವಾಕರಿಸುತ್ತಿದ್ದಳು. ಆಮೇಲೆ ಉಗುರು, ಅಂಗೈ, ಕಣ್ಣಿನ ಬಿಳಿ ಎಲ್ಲಾ ಅರಿಶಿನ ಹಚ್ಚಿದಂತಾಯಿತು. ಅವಳಿಗೆ ಹದಿಮೂರು, ನನಗೆ ಒಂಬತ್ತು. ನಮ್ಮದು ಮುನವಳ್ಳಿ ಹತ್ತಿರದ ಹಳ್ಳಿ. ಅಪ್ಪ ಅವಳನ್ನು ಬಸ್ಸಿನಲ್ಲಿ ಸವದತ್ತಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದ. ಲಿವರಿಗೆ ಬಾವು ಬಂದು ಕಾಮಾಲೆಯಾಗಿದೆ, ಎಣ್ಣೆ-ಖಾರ ಕೊಡಬೇಡಿ, ಕೆಲಸ ಹಚ್ಚದೆ ಮಲಗಿಸಿ ಎಂದು ಅವರು ಹೇಳಿ ಕಳಿಸಿದರು.

ಮನೆಗೆ ಹಿರಿಯನೆಂದರೆ ದೊಡ್ಡಪ್ಪ. ಅವನಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಆಗೆಲ್ಲ ಕಾಮಾಲೆಯಾದವರಿಗೆ ಬರೆ ಹಾಕುತ್ತಿದ್ದರು. ಅಂದರೆ, ಕುಡಗೋಲಿನ ತುದಿಯನ್ನು ಕೆಂಪಗೆ ಕಾಯಿಸಿ ಮುಂಗೈ ಮೇಲೆ ಒತ್ತುತ್ತಿದ್ದರು. ಸುಟ್ಟ ಗಾಯದಿಂದ ನೀರು ಸೋರಿದರೆ ರೋಗ ಹೊರಗೆ ಹೋಯಿತೆಂದು ನಂಬಿಕೆ. ದೊಡ್ಡಪ್ಪನ ಎರಡೂ ಕೈಮೇಲೆ ಅಂಥ ಕಲೆಗಳಿದ್ದವು.

ಮರುದಿನ ಬೆಳಗ್ಗೆ ಅವನು ಅಂಗಳದಲ್ಲಿ ಸಗಣಿಯ ಕುಳ್ಳು ಹೊತ್ತಿಸಿ ಅದರೊಳಗೆ ಕುಡಗೋಲು ಇಟ್ಟ. ಹೊಗೆ ಪಡಸಾಲೆ ತುಂಬಿತು. ಅಕ್ಕ ಕಂಬಳಿಯೊಳಗೆ ಮುದುಡಿಕೊಂಡು ನನ್ನ ಕೈ ಹಿಡಿದಳು. ಅಪ್ಪ ಅಣ್ಣನಿಗೆ ಎಂದೂ ಎದುರಾಡಿದವನಲ್ಲ. ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತ.

ಆಗ ಅವ್ವ ಬಂದು ಬಾಗಿಲಿಗೆ ಅಡ್ಡ ನಿಂತಳು. ದೊಡ್ಡಪ್ಪನ ಎದುರು ತಲೆಯ ಮೇಲಿನ ಸೆರಗು ಜಾರಗೊಡದವಳು ಅವಳು. ಅವನೊಂದಿಗೆ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ.

"ಭಾವಾರ, ನನ್ನ ಮಗಳ ಮೈ ಸುಡಾಕ ನಾ ಬಿಡೂದಿಲ್ಲ," ಎಂದಳು. "ನಮ್ಮ ತವರು ಸಾಲಹಳ್ಳ್ಯಾಗ ಇದಕ್ಕ ನೆಲನೆಲ್ಲಿ ಅರದು ಕುಡಸ್ತಾರ. ನಾನೂ ಅದನ್ನ ಕುಡಸ್ತೇನಿ."

"ಹುಲ್ಲು ಕುಡಿಸಿ ಮಗಳನ್ನ ಕೊಲ್ತೀ ಏನು? ಸರಿ ಅತ್ತಾಗ!" ದೊಡ್ಡಪ್ಪ ಗದರಿ ಕುಡಗೋಲಿಗೆ ಕೈ ಹಾಕಿದ.

ನನಗೆ ಏನಾಯಿತೋ. ಬಚ್ಚಲ ಬಳಿಯಿದ್ದ ನೀರಿನ ಕೊಡವನ್ನು ಎಳೆದುತಂದು ಬೆಂಕಿಯ ಮೇಲೆ ಬೋರಲು ಹಾಕಿದೆ. ಚುಂಯ್ ಎಂದು ಬೂದಿ ಹಾರಿತು. ದೊಡ್ಡಪ್ಪನ ಕೈ ನನ್ನ ಕೆನ್ನೆಯ ಮೇಲೆ ಬಿತ್ತು. ಅಳು ಬಂತು, ಆದರೆ ಕೊಡ ಬಿಡಲಿಲ್ಲ.

"ಮತ್ತ ಹಚ್ಚಿದರ ಮತ್ತ ಆರಸ್ತೇನಿ!" ಎಂದು ಅಳುತ್ತಲೇ ಕೂಗಿದೆ.

ಅಪ್ಪ ಬಂದು ನಮ್ಮಿಬ್ಬರ ನಡುವೆ ನಿಂತ. "ಅಣ್ಣಾ, ಸಾಕು. ಅಕಿ ತಾಯಿ ಹೇಳಿದಂಗ ಆಗ್ಲಿ."

"ಹುಡುಗಿಗೆ ಏನರ ಆದ್ರ ನಿಮ್ಮ ತಲಿಮ್ಯಾಲ," ಎಂದು ದೊಡ್ಡಪ್ಪ ಹೊರಟುಹೋದ.

ಆ ಮಧ್ಯಾಹ್ನವೇ ಅವ್ವ ನನ್ನನ್ನು ಹೊಲಕ್ಕೆ ಕರೆದೊಯ್ದಳು. ಮಳೆಗೆ ನೆನೆದ ಬದುವಿನ ಮೇಲೆ ಗೇಣುದ್ದದ ಗಿಡಗಳು. ಎಲೆಯ ದಂಟು ತಿರುವಿದರೆ ಕೆಳಗೆ ಸಾಸಿವೆಗಿಂತ ತುಸು ದೊಡ್ಡ ಹಸಿರು ಕಾಯಿಗಳ ಸಾಲು. "ಕಾಯಿ ಎಲಿ ಬುಡಕ ಇದ್ರಷ್ಟ ಕೀಳು. ಕಂಡದ್ದೆಲ್ಲಾ ಕಿತ್ತರ ವಿಷಾ ಆದೀತು," ಎಂದಳು. ಮನೆಗೆ ಬಂದು ಬೇರುಸಹಿತ ತೊಳೆದು, ಕಲ್ಲಿನ ಮೇಲೆ ಅರೆದು, ಬಟ್ಟೆಯಲ್ಲಿ ಹಿಂಡಿ, ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕಲೆಸಿ ಕೊಟ್ಟಳು. ಅಕ್ಕ ಮೂಗು ಹಿಡಿದು ಕುಡಿದಳು. ನಾನೂ ಒಂದು ಹನಿ ನೆಕ್ಕಿದೆ. ಆ ಕಹಿ ಸಂಜೆಯವರೆಗೂ ನಾಲಿಗೆ ಬಿಡಲಿಲ್ಲ.

ಎರಡು ವಾರ ಕಳೆದ ಮೇಲೆ ಅಕ್ಕ ತಾನಾಗಿಯೇ ರೊಟ್ಟಿ ಕೇಳಿದಳು. ಕಣ್ಣು ಮೆಲ್ಲಗೆ ಬೆಳ್ಳಗಾದವು. ಅದು ನೆಲನೆಲ್ಲಿಯಿಂದಲೋ, ಡಾಕ್ಟರು ಹೇಳಿದ ಪಥ್ಯ-ವಿಶ್ರಾಂತಿಯಿಂದಲೋ, ಆಣೆ ಮಾಡಿ ಹೇಳಲಾರೆ. ಬರೆಯಿಂದ ಅಲ್ಲ ಎಂಬುದಂತೂ ಖಚಿತ. ದೊಡ್ಡಪ್ಪ ದೀಪಾವಳಿಯವರೆಗೂ ನನ್ನ ಜೊತೆ ಮಾತು ಬಿಟ್ಟ. ನಾನೂ ಹೋಗಿ ಮಾತಾಡಿಸಲಿಲ್ಲ.

ಈಗ, ಮೊಮ್ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ರಕ್ತ ಪರೀಕ್ಷೆ ಇದೆ, ಕೆಲವು ಬಗೆಯ ಕಾಮಾಲೆ ಬರದಂತೆ ಲಸಿಕೆಯೂ ಇದೆ. ಆ ಗಿಡದ ರಸದ ಮೇಲೂ ಪ್ರಯೋಗ ನಡೆಸುತ್ತಾರಂತೆ. ನೀವಾಗಿ ಏನನ್ನೂ ಅರೆದು ಕುಡಿಯಬೇಡಿ, ಡಾಕ್ಟರ ಹತ್ತಿರ ಹೋಗಿ. ನಮ್ಮ ಕಾಲದಲ್ಲಿ ಹಿರಿಯರನ್ನು 'ಯಾಕೆ' ಎಂದು ಕೇಳುವ ಹಾಗಿರಲಿಲ್ಲ. ನೀವು ಔಷಧಿಯ ಬಾಟಲಿ ಹಿಡಿದು, "ಅಜ್ಜಿ, ಇದನ್ನ ಯಾಕ ಕುಡೀಬೇಕು?" ಎನ್ನುತ್ತೀರಿ. ಕೇಳಿ. ಡಾಕ್ಟರನ್ನು ಕೇಳಿ, ನನ್ನನ್ನೂ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ. ಮಕ್ಕಳ ಬಾಯಿ ಮುಚ್ಚಿಸುವ ಅಜ್ಜಿ ನಾನಲ್ಲ.