ಎಡಚರ ದಂಡು ಪಂಚಾಂಗಕ್ಕೆ ಹೋದ ದಿನ

ಮಾಘ ಹುಟ್ಟಿದರೂ ಗುಬ್ಬಿಯ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ. ಓಣಿಯ ತುಂಬ ಹಿಂದಿನ ದಿನ ಸುಲಿದು ಚೆಲ್ಲಿದ ಅವರೆಕಾಯಿ ಸಿಪ್ಪೆಯ ಸೊಗಡು. ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹೆಂಚಿನದೊಂದು ಮನೆ. ಅದರ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಕಬ್ಬಿಣದ ಬಾಂಡ್ಲಿ. ತಲೆಗೆ ಟವಲು ಸುತ್ತಿಕೊಂಡು ಕುಕ್ಕರುಗಾಲಲ್ಲಿ ಕೂತ ತಿಪ್ಪಯ್ಯ ಊದುಗೊಳವೆ ಊದುತ್ತಿದ್ದಾರೆ. ಪಕ್ಕದ ಮೊರದಲ್ಲಿ ಒಂದು ದಂಡೇ ಮಲಗಿದೆ. ಹೆಬ್ಬೆರಳಿನಷ್ಟು ಎತ್ತರದ ಸೀಸದ ಸಿಪಾಯಿಗಳು, ಕೆಂಪು ರುಮಾಲು, ನೀಲಿ ನಡುಕಟ್ಟು, ಕೆಲವರು ಕುದುರೆಯ ಮೇಲೆ. ಹತ್ತಿರ ಹೋಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಕತ್ತಿ ಹಿಡಿದವರೆಲ್ಲರೂ ಎಡಗೈಯಲ್ಲೇ ಹಿಡಿದಿದ್ದಾರೆ.

ಬೇರೆ ದಿನ ಈ ಹೊತ್ತಿನಲ್ಲಿ ಈ ಒಲೆಯ ಮುಂದೆ ಸಿಪಾಯಿಗಳು ಹುಟ್ಟುತ್ತಾರೆ. ಈ ಸೋಮವಾರ ಅವರನ್ನು ಕರಗಿಸಬೇಕು.

"ಒಟ್ಟಿಗೇ ಸುರುವಿಬುಡಬ್ಯಾಡ" ಎನ್ನುತ್ತಾರೆ ಬಾಗಿಲಲ್ಲಿ ನಿಂತ ಹೆಂಡತಿ ನಿಂಗಮ್ಮ.

"ನಾನೇನು ಹುರುಳಿ ಹುರೀತಿದೀನೇನೆ, ಸುರುವಾಕೆ? ಒಬ್ಬೊಬ್ರನ್ನೇ ಬುಡ್ತೀನಿ."

ಇಷ್ಟು ಹೇಳಿದವರು ಮೊರಕ್ಕೆ ಕೈ ಹಾಕದೆ ಮತ್ತೆ ಊದುಗೊಳವೆಯನ್ನೇ ಎತ್ತಿಕೊಳ್ಳುತ್ತಾರೆ. ಬೆಂಕಿ ಆಗಲೇ ಚೆನ್ನಾಗಿ ಹತ್ತಿಕೊಂಡಿದೆ.

ತಿಪ್ಪಯ್ಯನವರದು ಅಚ್ಚಿನ ಮೊಳೆ ಜೋಡಿಸುವ ಕಸುಬು. ಮೀಸೆ ಚಿಗುರುವ ಮೊದಲೇ ತುಮಕೂರಿನ ಚಿಕ್ಕಪೇಟೆಯ ಒಂದು ಪ್ರೆಸ್ಸಿಗೆ ಸೇರಿದವರು, ಈಗ ಮೀಸೆ ಬೆಳ್ಳಗಾಗಿದೆ. ಬೆಳಿಗ್ಗೆ ಗುಬ್ಬಿಯಲ್ಲಿ ರೈಲು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಅದೇ ಹಳಿಯ ಮೇಲೆ ವಾಪಸ್ಸು. ನಡುವೆ ಇಡೀ ದಿನ ನಿಂತೇ ಕೆಲಸ. ಎದುರಿಗೆ ಓರೆಯಾಗಿ ಇಟ್ಟ ಮರದ ಕೇಸು, ಅದರ ನೂರಾರು ಗೂಡುಗಳಲ್ಲಿ ಸೀಸದ ಅಕ್ಷರಗಳು. ಕಣ್ಣು ಕಾಗದದ ಮೇಲಿದ್ದರೆ ಕೈ ತಾನಾಗಿ ಗೂಡಿಗೆ ಹೋಗಿ ಅಕ್ಷರ ಹೆಕ್ಕಿ ತರುತ್ತದೆ. ಕೈ ತೊಳೆಯದೆ ಒಂದು ತುತ್ತನ್ನೂ ಬಾಯಿಗಿಡುವಂತಿಲ್ಲ, ಸೀಸದ ವಿಷ. ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಸಂದಿಯ ಮಸಿ ಮಾತ್ರ ಹೋಗಿಲ್ಲ. "ಮದ್ವೆ ದಿನ ಧಾರೆ ಎರೆಯುವಾಗ್ಲೂ ಹಿಂಗೇ ಇತ್ತು ಕೈಯಿ" ಎಂದು ನಿಂಗಮ್ಮ ಇವತ್ತಿಗೂ ಆಡಿಕೊಳ್ಳುತ್ತಾರೆ.

ಮೊಳೆ ಎಷ್ಟು ದಿನ ಬಾಳೀತು? ಒತ್ತಿ ಒತ್ತಿ ಅಂಚು ಸವೆಯುತ್ತದೆ, ಕೊಂಬು ಮುರಿಯುತ್ತದೆ, ಒತ್ತು ಹಾರಿಹೋಗುತ್ತದೆ. ಸವೆದವನ್ನು ಒಂದು ಡಬ್ಬಕ್ಕೆ ಎಸೆಯುವುದು ಪ್ರೆಸ್ಸಿನ ವಾಡಿಕೆ. ಬಿಡುವಾದಾಗ ತಿಪ್ಪಯ್ಯ ಆ ಡಬ್ಬದಿಂದ ಒಂದು ಚೂರು ತೆಗೆದು ಚಾಕುವಿನಲ್ಲಿ ಕೆತ್ತುತ್ತ ಕೂರುತ್ತಿದ್ದರು. ಆನೆ, ಬಸವ, ಒಂದು ಸಲ ಪ್ರೆಸ್ಸಿನ ಯಜಮಾನ ಸೀತಾರಾಮಯ್ಯನವರೇ ಕನ್ನಡಕದ ಸಮೇತ. ಎಮರ್ಜೆನ್ಸಿಯ ಕಾಲದಲ್ಲಿ ಕಾಲೇಜಿನ ಪತ್ರಿಕೆಯ ಕರಡು ತಿದ್ದಲು ಬಂದ ಇತಿಹಾಸದ ಮೇಷ್ಟ್ರು ಯೋಗನರಸಿಂಹ ಆ ಆನೆಯನ್ನು ಕಂಡರು. ಕರಡು ಮರೆತರು.

"ಇದೇ ಥರ ಸಿಪಾಯಿ ಮಾಡಿಕೊಡ್ತೀರೇನ್ರೀ? ಒಬ್ಬ ಇಬ್ಬ ಅಲ್ಲ, ಒಂದು ಸೈನ್ಯ!"

"ಮಕ್ಕಳಿಗಾ ಮೇಷ್ಟ್ರೇ?"

"ನನಗೇ ಕಣ್ರೀ."

ತಿಪ್ಪಯ್ಯ ಸೀತಾರಾಮಯ್ಯನವರ ಮುಖ ನೋಡಿದರು. ಯಜಮಾನರು ನಕ್ಕರು. ಸವೆದ ಮೊಳೆಯನ್ನು ಬೆಂಗಳೂರಿನ ಎರಕದ ಕಾರ್ಖಾನೆಗೆ ಕೊಟ್ಟರೆ ಅದರ ತೂಕಕ್ಕೆ ಸರಿಯಾಗಿ ಹೊಸ ಮೊಳೆ ಕೊಡುತ್ತಾರೆ. ಹಾಗಾಗಿ ಅದನ್ನು ಮಾರುವಂತಿರಲಿಲ್ಲ. "ತಗೊಂಡು ಹೋಗಯ್ಯ. ಸೀಸ ಎಲ್ಲಿಗೆ ಓಡಿಹೋಗುತ್ತೆ? ನನಗೆ ಬೇಕಾದ ದಿನ ಕರಗಿಸಿ ತೂಕ ಮಾಡಿ ಕೊಡು" ಎಂದರು. ಸಾಲ ಶುರುವಾದದ್ದು ಹೀಗೆ, ಸೀಸದ ಲೆಕ್ಕದಲ್ಲಿ.

ಮೇಷ್ಟ್ರ ಆಟ ಇಷ್ಟು. ಅವರ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಪಿಂಗ್‌ಪಾಂಗ್ ಮೇಜು. ಗೋಣಿಚೀಲದ ಕೆಳಗೆ ಮರದ ಹೊಟ್ಟು ತುಂಬಿದರೆ ಗುಡ್ಡ. ಹಳೇ ಸೀರೆಯ ನೀಲಿ ಅಂಚು ಹಾಸಿದರೆ ಹೊಳೆ. ಎರಡು ಕಡೆ ಎರಡು ಸೈನ್ಯ, ಒಂದು ಪಾಳೇಗಾರನದು, ಇನ್ನೊಂದು ಇಂಗ್ಲಿಷರ ಕುಂಪಣಿಯದು. ಒಬ್ಬರಾದ ಮೇಲೆ ಒಬ್ಬರು ಟೇಪು ಹಿಡಿದು ಅಳೆದು ಪಡೆ ನಡೆಸಬೇಕು, ದಾಳ ಉರುಳಿಸಿ ಯಾರು ಬಿದ್ದರೆಂದು ತಿಳಿಯಬೇಕು. ಬಿದ್ದವರು ಡಬ್ಬಕ್ಕೆ ಹೋಗುತ್ತಾರೆ. ಮುಂದಿನ ಭಾನುವಾರ ಎದ್ದು ಬರುತ್ತಾರೆ.

ಇದಿರು ಪಕ್ಷಕ್ಕೆ ಕೂರುವವರು ಕುಣಿಗಲ್ ತಾಲ್ಲೂಕಿನ ಅಮೃತೂರಿನ ಜುಂಜಪ್ಪ, ಫೌಜಿನಿಂದ ನಿವೃತ್ತರಾದ ಸುಬೇದಾರರು. ವಾರ ತಪ್ಪದೆ ಪ್ರೈವೇಟ್ ಬಸ್ಸಿನಲ್ಲಿ ಬರುತ್ತಾರೆ.

ತಿಪ್ಪಯ್ಯ ಬಳಪದ ಕಲ್ಲಿನ ಎರಡು ಹಲಗೆ ತಂದರು. ಮೇಷ್ಟ್ರು ಕೊಟ್ಟ ಚಿತ್ರವನ್ನು ಕಲ್ಲಿಗೆ ಇಳಿಸಿ, ಗುಳಿ ತೋಡಿ, ಸೀಸ ಅಂಟದ ಹಾಗೆ ಬುಡ್ಡಿದೀಪದ ಮಸಿ ಹಿಡಿಸಿದರು. ಎರಡು ಹಲಗೆ ಜೋಡಿಸಿ ಬಿಗಿದು ಸೀಸ ಹೊಯ್ದರೆ ಒಬ್ಬ ಸಿಪಾಯಿ. ಕುದುರೆ ಮಾತ್ರ ಕೂಡಿಬರಲಿಲ್ಲ. ಎಷ್ಟು ಸಲ ತೋಡಿದರೂ ಕತ್ತೆಯಾಗುತ್ತಿತ್ತು. ಕೊನೆಗೆ ರಜೆ ಹಾಕಿ ಕುಣಿಗಲ್ಲಿಗೆ ಹೋಗಿ, ಅಲ್ಲಿಯ ಕುದುರೆ ಫಾರಮ್ಮಿನ ಬೇಲಿಗೆ ಆತು ಸಂಜೆಯವರೆಗೆ ನಿಂತಿದ್ದು ಬಂದರು. ಕಾವಲಿನವನು ಬಂದು "ಏನಯ್ಯ, ಕದಿಯಾಕೆ ಬಂದಿದೀಯ?" ಎಂದು ಗದರಿದಾಗ, "ಹೂಂ, ಕಣ್ಣಾಗೆ" ಎಂದರಂತೆ.

ಬಣ್ಣ ಬಳಿದದ್ದು ನಿಂಗಮ್ಮ. ಎತ್ತಿನ ಕೊಂಬಿಗೆ ಬಳಿಯುವ ಬಣ್ಣ, ಕಡ್ಡಿಯ ತುದಿಗೆ ತಮ್ಮದೇ ಕೂದಲು ಕಟ್ಟಿದ ಕುಂಚ. "ಈ ದಂಡಿಗೆ ಮೀಸೆ ಬರೆದೂ ಬರೆದೂ ನನ್ ತಲೆ ಬೋಳಾಯ್ತು. ಮನೆ ಮಠ ಇರೋ ಗಂಡಸ್ರು ಗೊಂಬೆ ಆಡ್ತಾರಂತೆ, ಕೇಳು!"

ಮೊದಲ ಪಡೆ ಸಿದ್ಧವಾದ ಭಾನುವಾರ ತಿಪ್ಪಯ್ಯ ಅದನ್ನು ಮೊರದಲ್ಲಿ ಹೊತ್ತು ಮೇಷ್ಟ್ರ ಮನೆಗೆ ಹೋಗಿ ಮೇಜಿನ ಮೇಲೆ ಸಾಲು ಹಚ್ಚಿದರು. ಯೋಗನರಸಿಂಹ ಕಣ್ಣರಳಿಸಿ ನೋಡಿದರು. ಆಮೇಲೆ ಬಾಗಿ ನೋಡಿದರು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು.

"ತಿಪ್ಪಯ್ಯ, ಎಲ್ಲರೂ ಎಡಚರಾಗಿದ್ದಾರಲ್ರೀ!"

ತಿಪ್ಪಯ್ಯನಿಗೆ ಅರ್ಥವೇ ಆಗಲಿಲ್ಲ. "ಸರಿಯಾಗೇ ಐತಲ್ಲ ಮೇಷ್ಟ್ರೇ?" ಎಂದು ಒಬ್ಬನನ್ನು ಎತ್ತಿ ತಿರುಗಿಸಿ ನೋಡಿದರು. ಅವರ ಕಸುಬಿನಲ್ಲಿ ಸೀಸದ ಮೇಲೆ ಇರುವುದೆಲ್ಲ ತಿರುಗುಮುರುಗು. ಕಾಗದಕ್ಕೆ ಒತ್ತಿದಾಗಲೇ ನೆಟ್ಟಗಾಗುವುದು. ಜೀವಮಾನವೆಲ್ಲ ಸೀಸವನ್ನು ಓದಿದ ಕಣ್ಣಿಗೆ ಎಡಗೈಯ ಕತ್ತಿ ಬಲಗೈಯದಾಗಿಯೇ ಕಂಡಿತ್ತು. ಚಿತ್ರವನ್ನು ಇದ್ದ ಹಾಗೇ ಕಲ್ಲಿಗೆ ಇಳಿಸಿದ್ದರು, ಎರಕದಲ್ಲಿ ಅದು ಮಗುಚಿಕೊಂಡಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಕರಗಿಸಿ ಬೇರೆ ಮಾಡಿ ತರುತ್ತೇನೆಂದು ಮೊರಕ್ಕೆ ಕೈ ಹಾಕಿದರೆ ಸುಬೇದಾರರು ಆ ಕೈ ಹಿಡಿದರು.

"ಇರ್ಲಿ ಬುಡು ತಿಪ್ಪಣ್ಣ. ಎಡಚರ ದಂಡು ನಂಗಿರ್ಲಿ. ಎದುರ್ಗಡೆಯೋನ್ಗೆ ಏಟು ಯಾವ ಕಡೆಯಿಂದ ಬತ್ತದೆ ಅಂತ ತಿಳೀಬಾರ್ದು."

ಹೀಗೆ ಪಾಳೇಗಾರನ ಎಡಚರ ದಂಡು ಜುಂಜಪ್ಪನವರದಾಯಿತು. ಮೇಷ್ಟ್ರ ಕುಂಪಣಿ ಪಡೆಯನ್ನು ನಿಂಗಮ್ಮನ ಕನ್ನಡಿಯಲ್ಲಿ ಚಿತ್ರ ನೋಡಿಕೊಂಡು ತಿಪ್ಪಯ್ಯ ಸರಿಯಾಗಿ ಕೆತ್ತಿದರು. "ನನ್ ಕಣ್ಗೆ ಇವತ್ಗೂ ಅವ್ರೇ ಎಡಚರು" ಎನ್ನುತ್ತಾರೆ.

ಅಂದಿನಿಂದ ಭಾನುವಾರಗಳಲ್ಲಿ ತಿಪ್ಪಯ್ಯ ಆ ಪಡಸಾಲೆಯ ಗೋಡೆಗೆ ಒರಗಿ ಕೂರುವುದು ರೂಢಿಯಾಯಿತು. ಆಡುವುದಿಲ್ಲ, ನೋಡುತ್ತಾರೆ. ತಾವು ಡಬ್ಬಕ್ಕೆ ಎಸೆದ ಮುರುಕು ಅಕ್ಷರಗಳು ರುಮಾಲು ಸುತ್ತಿಕೊಂಡು ಹೊಳೆ ದಾಟುತ್ತಿವೆ, ಗುಡ್ಡ ಹತ್ತುತ್ತಿವೆ. ದೊಡ್ಡ ದೊಡ್ಡವರು ಅವುಗಳ ಮೇಲೆ ಉಸಿರು ಬಿಗಿಹಿಡಿದು ಬಾಗಿದ್ದಾರೆ. "ಮೈ ಜುಂ ಅಂತಿತ್ತು. ಇವ್ರಿಗೆ ಇದ್ರಿಂದ ಏನು ಬೇಕು ಅಂತ ಯೋಚ್ನೆ ಮಾಡ್ತಿದ್ದೆ. ಒಂದಿನ ಕೇಳೇಬುಟ್ಟೆ."

ಮೇಷ್ಟ್ರು ಹೇಳಿದ್ದು: "ನಡೆದದ್ದು ಒಂದೇ ಥರ, ತಿಪ್ಪಯ್ಯ. ನಡೆಯಬಹುದಾಗಿದ್ದದ್ದು ಎಷ್ಟೋ ಥರ. ಅದನ್ನ ನೋಡೋಕೆ ಈ ಮೇಜು ಬಿಟ್ರೆ ಬೇರೆ ಜಾಗ ಎಲ್ಲಿದೆ?"

ಸುಬೇದಾರರು ಬೀಡಿ ಎಳೆಯುತ್ತ ಹೇಳಿದ್ದು ಬೇರೆ. "ನಾನು ಎರಡು ಯುದ್ಧ ನೋಡಿದೀನಿ ಅಂತಾರೆ ಜನ. ಏನ್ ನೋಡ್ದೆ? ಮುಂದ್ಗಡೆಯೋನ ಬೆನ್ನು. ಅಷ್ಟೇಯ. ಎಲ್ಲಿ ಹೋಯ್ತಿದೀವಿ, ಆ ಕಡೆಯೋರು ಎಲ್ಲವ್ರೆ, ಒಂದೂ ಕಾಣಾಕಿಲ್ಲ. ಇಲ್ಲಿ ನಿಂತ್ರೆ ಎಲ್ಲಾನೂ ಒಂದೇ ಸಲಕ್ಕೆ ಕಾಣ್ತದೆ ಕಣಣ್ಣ. ಇಷ್ಟು ನೋಡಾಕೆ ನಂಗೆ ಈ ವಯಸ್ಸಾಗ್ಬೇಕಾಯ್ತು."

ಈ ವರ್ಷ ಸಂಕ್ರಾಂತಿ ಮುಗಿಯುತ್ತಿದ್ದ ಹಾಗೆ ಸೀತಾರಾಮಯ್ಯ ಒಂದು ದಿನ ತಾವಾಗಿ ಕೇಸಿನ ಹತ್ತಿರ ಬಂದು ನಿಂತರು. ಊರಿಗೆ ಆಫ್‌ಸೆಟ್ ಮಿಷನ್ನು ಬಂದಿದೆ. ಲಗ್ನಪತ್ರಿಕೆ, ರಸೀದಿ ಪುಸ್ತಕ ಎಲ್ಲ ಅತ್ತ ಹೋಗುತ್ತಿವೆ. ಕೈಗೆ ಸಿಕ್ಕಿರುವುದು ಯುಗಾದಿ ಪಂಚಾಂಗದ ಕೆಲಸ ಒಂದೇ. ಅದಕ್ಕೆ ಸಣ್ಣ ಮೊಳೆ ರಾಶಿ ಬೇಕು. ಇರುವ ಮೊಳೆಯೆಲ್ಲ ಸವೆದಿದೆ.

"ಬಾಯಿಬಿಟ್ಟು ಕೇಳ್ತಿದ್ದೀನಯ್ಯ. ಪೂರ್ತಿ ಬೇಡ, ಅರ್ಧ ತೂಕ ಕೊಡು ಸಾಕು. ಪಂಚಾಂಗ ತಪ್ಪಿದ್ರೆ ಬಾಗಿಲು ಹಾಕೋದೇ. ನಿನಗೂ ಕೇಸಿಲ್ಲ, ನನಗೂ ಪ್ರೆಸ್ಸಿಲ್ಲ."

ಅರ್ಧ ತೂಕವೆಂದರೆ ಒಂದು ಸೈನ್ಯ. ಬ್ಯಾಟರಿಯ ಹಳೇ ಸೀಸ ತಂದುಕೊಡುತ್ತೇನೆಂದು ಸುಬೇದಾರರು ಓಡಾಡಿದರು. ಬೆರಕೆ ಬೇರೆ, ಕಾರ್ಖಾನೆಯವರು ಮುಟ್ಟುವುದಿಲ್ಲ. ಕೊನೆಗೆ ದಾರಿ ಹೇಳಿದವರು ಮೇಷ್ಟ್ರು. ಕಡೆಯದೊಂದು ಯುದ್ಧ ಆಡೋಣ, ಬಿದ್ದವರು ಬಿದ್ದ ಹಾಗೇ ಬಾಂಡ್ಲಿಗೆ ಹೋಗಲಿ, ತೂಕ ತುಂಬಿದ ಕೂಡಲೇ ನಿಲ್ಲಿಸೋಣ. ಜುಂಜಪ್ಪ ಒಪ್ಪಿದರು. ತಿಪ್ಪಯ್ಯನೂ ತಲೆಯಾಡಿಸಿದರು.

ನಿನ್ನೆ ಬೆಳಿಗ್ಗೆ ಎರಡೂ ಪಡೆ ಹೊಳೆಯ ಎರಡು ದಡಗಳಲ್ಲಿ ನಿಂತವು. ಮೊದಲ ಸರದಿ ಮೇಷ್ಟ್ರದು. ಟೇಪು ಎಳೆದರು, ಅಳೆದರು, ಕುದುರೆಯೊಂದನ್ನು ಎತ್ತಿದರು. ಇದ್ದಲ್ಲೇ ಇಟ್ಟರು. ಸುಬೇದಾರರ ಸರದಿ ಬಂತು. ಅವರು ಒಬ್ಬ ಸಿಪಾಯಿಯ ರುಮಾಲಿನ ಧೂಳನ್ನು ಬೆರಳಲ್ಲಿ ಒರೆಸಿ ಕೈ ಹಿಂದಕ್ಕೆ ತೆಗೆದುಕೊಂಡರು. ಕಾಫಿ ಬಂತು, ಆರಿತು. ವರ್ಷಗಟ್ಟಲೆ ಒಬ್ಬರ ಮೇಲೊಬ್ಬರು ನುಗ್ಗಿ, ಕೊಂದು, ಗೆದ್ದು, ಜಗಳವಾಡಿ ಮನೆಗೆ ಹೋದವರು ದಾಳವನ್ನೇ ಮುಟ್ಟಲಿಲ್ಲ.

"ಗುಂಡು ಹಾರೋಕ್ಮುಂಚೆ ಹಿಂಗೇ ಇರ್ತದೆ ಮೇಷ್ಟ್ರೇ" ಎಂದರು ಜುಂಜಪ್ಪ ಮೆಲ್ಲಗೆ. "ಇಷ್ಟು ದಿನ ಈ ಮೇಜಿನ ಮೇಲೆ ಇದು ಬಂದಿರ್ಲಿಲ್ಲ."

ಬಿಸಿಲು ಪಡಸಾಲೆ ದಾಟಿ ಒಳಗೆ ಬಂತು. ಒಬ್ಬನೂ ಬಿದ್ದಿರಲಿಲ್ಲ. ಗೋಡೆಗೆ ಒರಗಿದ್ದ ತಿಪ್ಪಯ್ಯ ಆಗ ಎದ್ದರು. ಮೊರ ತಂದು ಮೇಜಿನ ಅಂಚಿಗೆ ಇಟ್ಟರು.

"ನೀವ್ಯಾರೂ ಸಾಯ್ಸಬ್ಯಾಡಿ. ಕರಡ್ನಾಗೆ ತಪ್ಪು ಬಂದ್ರೆ ಕಿತ್ತು ಹಾಕೋನು ಜೋಡ್ಸಿದೋನೇಯ. ಎಡಚರು ನನ್ ತಪ್ಪು. ನಾನೇ ತಗೊಂಡೋಯ್ತೀನಿ."

"ತಪ್ಪು ಅಂತ ಮಾತ್ರ ಅನ್ಬ್ಯಾಡ ತಿಪ್ಪಣ್ಣ" ಎಂದರು ಸುಬೇದಾರರು. ಆಮೇಲೆ ತಮ್ಮ ಪಡೆಯನ್ನು ತಾವೇ ಒಬ್ಬೊಬ್ಬರನ್ನಾಗಿ ಎತ್ತಿ ಮೊರದಲ್ಲಿ ಸಾಲಾಗಿ ಮಲಗಿಸಿದರು, ಕುದುರೆ ಮುಂದೆ, ಕಾಲಾಳು ಹಿಂದೆ. ಮೇಷ್ಟ್ರು ಮುಖ ತಿರುಗಿಸಿಕೊಂಡು ಕಿಟಕಿಯಾಚೆ ನೋಡುತ್ತ ನಿಂತಿದ್ದರು.

ಆ ಮೊರವೇ ಈಗ ಒಲೆಯ ಪಕ್ಕದಲ್ಲಿದೆ. ತಿಪ್ಪಯ್ಯ ಊದುಗೊಳವೆ ಕೆಳಗಿಟ್ಟು ಮೊದಲನೆಯವನನ್ನು ಎತ್ತಿ ಬಾಂಡ್ಲಿಗೆ ಇಳಿಸುತ್ತಾರೆ. ಬಣ್ಣ ಚಿಟಪಟ ಸುಟ್ಟು ಹೊಗೆಯೇಳುತ್ತದೆ. ಸ್ವಲ್ಪ ಹೊತ್ತು ಅವನು ಹಾಗೇ ನಿಂತಿರುತ್ತಾನೆ, ಕತ್ತಿ ಎತ್ತಿಕೊಂಡೇ. ಮರುಗಳಿಗೆ ಕಾಲು ಕುಸಿದು ಬೆಳ್ಳಗೆ ಹೊಳೆಯುವ ನೀರಾಗುತ್ತಾನೆ. ಕಿಟ್ಟ ತೆಗೆದು, ಸೌಟಿನಲ್ಲಿ ಮೊಗೆದು, ಹಳೇ ಇಡ್ಲಿ ತಟ್ಟೆಯ ಕುಳಿಗಳಿಗೆ ಹೊಯ್ಯುತ್ತಾರೆ. "ಮೀಸೆ ಬರೆದೋಳು ನಾನು" ಎಂದು ನಿಂಗಮ್ಮ ಒಳಗೆ ಹೋಗುತ್ತಾರೆ. ಮತ್ತೆ ಬಂದು ಅಲ್ಲೇ ನಿಲ್ಲುತ್ತಾರೆ. ಮೊರದ ಮೂಲೆಯಲ್ಲಿ ಕೊನೆಗೆ ಉಳಿದವನು ಮೊಟ್ಟಮೊದಲು ಎರಕ ಹೊಯ್ದ ಸಿಪಾಯಿ. ಮೂಗು ಸೊಟ್ಟ. ತಿಪ್ಪಯ್ಯ ಅವನನ್ನು ಎತ್ತಿ, ಬಾಂಡ್ಲಿಯ ಮೇಲೆ ಹಿಡಿದು, ಹೆಂಡತಿಯ ಮುಖ ನೋಡುತ್ತಾರೆ. ಸಿಪಾಯಿ ಅಂಗಿಯ ಜೇಬಿಗೆ ಇಳಿಯುತ್ತಾನೆ.

ತಿಪ್ಪಯ್ಯ ರೈಲು ಇಳಿದು ಚೀಲದಲ್ಲಿ ಹೊತ್ತು ತಂದ ಸೀಸವನ್ನು ಪ್ರೆಸ್ಸಿನಲ್ಲಿ ಸೀತಾರಾಮಯ್ಯ ತಕ್ಕಡಿಗೆ ಹಾಕುತ್ತಾರೆ. ತೂಕದ ಕಲ್ಲಿನ ತಟ್ಟೆ ಒಂದು ಕೂದಲಿನಷ್ಟು ಕೆಳಗೇ ಉಳಿಯುತ್ತದೆ. ಯಜಮಾನರ ಕಣ್ಣು ತಿಪ್ಪಯ್ಯನ ಜೇಬಿನಿಂದ ಇಣುಕುತ್ತಿರುವ ಕತ್ತಿಯ ತುದಿಯ ಮೇಲೆ ನಿಲ್ಲುತ್ತದೆ.

"ಇನ್ನೊಂದು ಚೂರು ಬಾಕಿ ಐತೆ ಸ್ವಾಮಿ" ಎನ್ನುತ್ತಾರೆ ತಿಪ್ಪಯ್ಯ, ಜೇಬಿನ ಮೇಲೆ ಕೈಯಿಟ್ಟುಕೊಂಡು.

"ಇರಲಿ ಬಿಡಯ್ಯ. ನನ್ನ ಬಾಕಿ ನಿನ್ನ ಹತ್ರ ಇರೋ ತನಕ ನೀನು ನನ್ನ ಪ್ರೆಸ್ಸು ಬಿಟ್ಟು ಹೋಗೋ ಹಾಗಿಲ್ಲ."

ಕೇಸಿನ ಸವೆದ ಮೊಳೆಯ ಜೊತೆ ಸಂಜೆಯ ಲಾರಿಗೆ ಸೀಸ ಬೆಂಗಳೂರಿಗೆ ಹೊರಡುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಹೊಸ ಮೊಳೆಯಾಗಿ ವಾಪಸ್ಸು ಬರುತ್ತದೆ. ತಿಥಿ, ವಾರ, ನಕ್ಷತ್ರಗಳಾಗಿ ಸಾಲುಗಟ್ಟಿ ನಿಲ್ಲುತ್ತದೆ. ತಿಪ್ಪಯ್ಯ ಕೈ ತೊಳೆದುಕೊಂಡು ಖಾಲಿ ಕೇಸಿನ ಮುಂದೆ ನಿಲ್ಲುತ್ತಾರೆ. ಜೇಬಿನವನನ್ನು ತೆಗೆದು ಮೂಲೆಯ ಒಂದು ಗೂಡಿನಲ್ಲಿ ನಿಲ್ಲಿಸುತ್ತಾರೆ. ಇನ್ನೇನು ಬೇಕೆಂದು ಕೇಳಿದರೆ ಅವನ ಸೊಟ್ಟ ಮೂಗನ್ನು ಬೆರಳಲ್ಲಿ ಒರೆಸುತ್ತ ಹೇಳುತ್ತಾರೆ:

"ಪಂಚಾಂಗ ಅಚ್ಚಾದ್ಮೇಲೆ ಮೊದಲ್ನೇದನ್ನ ನಾನೇ ಅಮೃತೂರಿಗೆ ತಗೊಂಡೋಗಿ ಸುಬೇದಾರ್ರ ಕೈಗೆ ಕೊಡ್ಬೇಕು. ಅವ್ರ ದಂಡು ಅವ್ರಿಗೆ ಒಪ್ಪಿಸ್ಬೇಕಲ್ಲ. ಕಾಗ್ದದ ಮ್ಯಾಲೆ ಒತ್ತಿದ್ರೆ ಎಡಚರೂ ನೆಟ್ಟಗೆ ಬತ್ತಾರೆ."