ಮುದ್ದೆಯ ಜೊತೆ ಹಳೆಯ ವೈನ್

ಹೆಂಡತಿಯ ಸೋದರಮಾವನ ಮಗ, ಒಂದು ಕಾಲಕ್ಕೆ ಅವಳನ್ನು ಮದುವೆಯಾಗಬೇಕಿದ್ದವನು, ಮೊಳಕಾಲ್ಮೂರಿನ ನಮ್ಮ ಮನೆಗೆ ಹಳೆಯ ಕೆಂಪು ವೈನ್ ತಂದಿದ್ದ. ಮುದ್ದೆ, ಮಟನ್ ಸಾರಿಗೆ ಇದೇ ಸರಿಜೋಡಿ ಎಂದ.

"ನುಂಗಬ್ಯಾಡ, ನಾಲಿಗೆ ಮ್ಯಾಲೆ ಆಡಿಸು," ಎಂದು ಅವಳಿಗೆ ಕಲಿಸಿದ.

"ನೇರಳೆಹಣ್ಣು ತಿಂದಂಗೈತೆ, ಮಾವ!" ಎಂದು ಅವಳು ನಕ್ಕಳು. ನನ್ನ ಬಾಯಿಗೆ ಬರೀ ಒಗರು. ನಾನು ಏನು ತಂದರೂ ಅವಳು ಹಾಗೆ ನಕ್ಕಿರಲಿಲ್ಲ.

ಅವನೂ ನಗುತ್ತಲೇ ಮುದ್ದೆಯ ತುತ್ತು ನುಂಗಿದ. ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಮುಖ ನೀಲಿಗಟ್ಟಿತು. ನನಗೆ ಕೂತಲ್ಲಿಂದ ಏಳಲಾಗಲಿಲ್ಲ. ಅವಳೇ ಎದ್ದು ಬೆನ್ನಿಗೆ ಗುದ್ದಿದಳು, ತುತ್ತು ಹೊರಬಿತ್ತು. ಆ ಮುಖ ಈಗಲೂ ಊಟದ ಹೊತ್ತಿಗೆ ನನ್ನೆದುರು ಬರುತ್ತದೆ.

ಅವನು ಚೇತರಿಸಿಕೊಂಡ ಮೇಲೂ ಅವಳು ಬೆನ್ನು ಸವರುತ್ತಲೇ ಇದ್ದಳು.

"ಸಾಕು ಬಿಡೇ, ಉಸಿರು ಬಂತಲ್ಲ," ಎಂದೆ.